ತಾಲೀಮಿನ ಮಣ್ಣಿಗೆ ಕಾಲಿಟ್ಟವರು

ಆಳಂದ
೧೪–೬–೧೯೮೭

ಚಿ. ನಿಂಬೆವ್ವಗೆ ಆಳಂದದಿಂದ ನಿನ್ನ ಆಯಿ ಕಾಶಿಬಾಯಿ ಮಾಡುವ ಆಶೀರ್ವಾದ. ನಾವೆಲ್ಲ ಪಾಡ ಇದ್ದೇವಿ.

ನೀ ಪುಣೆ ಮುಟ್ಟಿದ ಕಾಗದ ನಿನ್ನೆ ಬಂತು. ಹಾಸ್ಟೆಲಿನ ಪಲ್ಯದಾಗ ಬೆಲ್ಲ ಹಾಕ್ತಾರ ಅಂತ ಬರದಿ. ಹಾಕ್ಲಿ. ಕಣ್ಣು ಮುಚ್ಚಿ ನುಂಗು. ರೊಟ್ಟಿಗೆ ಹಚ್ಚೋ ಖಾರದ ಶೇಂಗಾ ಹಿಂಡಿ ಒಂದು ಡಬ್ಬಿ ಕಳಸ್ತೇನಿ, ಸಿಕ್ಕಸಿಕ್ಕವರಿಗೆ ಹಂಚಿ ಖಾಲಿ ಮಾಡಬೇಡ.

ನೀ ಹೋದ ಮರುದಿನ ಕೊಳಕೂರಿಗೆ ಹೋಗಿದ್ದೆ. ನಿಮ್ಮ ಅವ್ವ ಗಂಗಾ ಅಳ್ಕೋತ ಕುಂತಿದ್ದಳು. ಎಷ್ಟಂದರೂ ನನ್ನ ಮಗಳು, ಬೈದು ಎಬ್ಬಿಸಿದೆ. ಆ ಹೊತ್ತಿಗೇ ಅಫಜಲಪುರದವರು ಬರಬೇಕಾ, ನಿನ್ನ ನೋಡಿ ಹೋದವರು! “ಹುಡುಗಿ ಎಲ್ಲಿ, ಕಾಣವಲ್ಲಳು?” ಅಂತ ಹುಡುಗನ ಅವ್ವ ಕೇಳಿದಳು. “ಟೈಪಿಂಗ್ ಕಲಿಯಾಕ ಹೋಗ್ಯಾಳ್ರಿ” ಅಂದ ನಿಮ್ಮಪ್ಪ ಚಂದ್ರಾಮಪ್ಪ. ನನಗ ತಡಕೊಳ್ಳಾಕ ಆಗಲಿಲ್ಲ. “ಟೈಪಿಂಗ್ ಅಲ್ರಿ, ಜೂಡೋ. ಜಪಾನದ ಕುಸ್ತಿ. ಹತ್ತು ತಿಂಗಳು ಕಲಿತು, ಸರ್ಟಿಫಿಕೇಟ್ ತಗೊಂಡು, ಕಲಿಸೋ ಮಾಸ್ತರಣಿ ಆಗಿ ಬರ್ತಾಳ. ನಿಮ್ಮ ಹುಡುಗಗೂ ಎರಡು ಪಟ್ಟು ಹೇಳಿಕೊಡ್ತಾಳ ತಗೋರಿ” ಅಂದೆ. ಚಹಾ ಒಲಿ ಮ್ಯಾಲ ಇತ್ತು. ಕುಡಿಯದ ಎದ್ದು ಹೋದರು. ನಿಮ್ಮಪ್ಪ ನನ್ನ ಜೋಡಿ ಮಾತು ಬಿಟ್ಟಾನ. ಬಿಡ್ಲಿ, ಆ ಚಹಾ ನಾವಿಬ್ಬರೂ ಅವ್ವ-ಮಗಳು ಕುಡದೇವಿ.

ನಿನಗ ಗೊತ್ತಿದ್ದದ್ದೇ ಮತ್ತ ಬರೀತೇನಿ, ಅಲ್ಲಿ ಒಂಟಿ ಅನಿಸಿದಾಗ ಓದಿಕೋ. ಈ ಆಳಂದದ ತಾಲೀಮು, ಕುಸ್ತಿಯ ಗರಡಿಮನಿ, ನಿಮ್ಮ ಅಜ್ಜ ಕಟ್ಟಿದ್ದು. ಊರಿಗೆಲ್ಲ ಕುಸ್ತಿ ಕಲಿಸಿದ ವಸ್ತಾದ ಅವರು. ನಾ ಲಗ್ನ ಆಗಿ ಬಂದಾಗಿನಿಂದ ಆ ಮಣ್ಣಿಗೆ ಮಜ್ಜಿಗಿ, ಎಣ್ಣಿ, ಅರಿಶಿಣ ಹೊತ್ತು ಒಯ್ದಾಕಿ ನಾನು. ಒಯ್ದದ್ದು ಹೊಸ್ತಿಲತನಕ. ಹೊಸ್ತಿಲಿಂದ ಒಳಗ ಗಂಡಸರು ತಗೊಂಡು ಹೋಗ್ತಿದ್ದರು. ಹೆಣ್ಣಿನ ಕಾಲು ಮುಟ್ಟಿದರ ಮಣ್ಣು ಕೆಡ್ತದಂತ. ಕಾಲು ಹೊರಗ ಇದ್ದರೂ ಕಣ್ಣಿಗೆ ಕಿಟಕಿ ಇತ್ತು. ಕಂಡದ್ದನ್ನೆಲ್ಲ ಕೊಳಕೂರಿನ ಕಣದಾಗ ತೊಗರಿ ಹೊಟ್ಟಿನ ಮ್ಯಾಲ ನಿನಗ ಕಲಿಸಿದೆ. ಅಜ್ಜ ಹೋದ ಮ್ಯಾಲ ಈಗ ತಾಲೀಮು ನನ್ನ ಮಗ, ನಿಮ್ಮ ಮಾವ ಬಸವಂತರಾಯನ ಕೈಯಾಗ ಅದ. ನೀ ಬಂದು ಈ ಊರಾಗ ಹುಡುಗಿಯರಿಗೆ ಕಲಿಸಬೇಕು, ಅದೊಂದೇ ನನ್ನ ಹಟ. ನನಗ ಗಂಡಸರು “ನಿನಗೇನು ಗೊತ್ತು ಬೇ” ಅಂದಾಗ ತೋರಿಸಾಕ ನನ್ನ ಹಂತ್ಯಾಕ ಏನೂ ಇರಲಿಲ್ಲ. ನಿನ್ನ ಕೈಯಾಗ ಸರ್ಟಿಫಿಕೇಟ್ ಇರ್ತದ.

ಒಂದು ಮಾತು ಮರೀಬೇಡ. ಏನರ ಆಗ್ಲಿ, ಬೆನ್ನು ನೆಲಕ್ಕ ಮುಟ್ಟಿಸಬೇಡ. ಬೀಳೂ ಹೊತ್ತಿನಾಗ ಕೈ ಚಾಚಿ ಊರು. ಬೆನ್ನು ಮುಟ್ಟಿತು ಅಂದ್ರ ಕುಸ್ತಿ ಹೋತು.

ನಿನ್ನ ಆಯಿ
ಕಾಶಿಬಾಯಿ


ಪುಣೆ
೫–೭–೧೯೮೭

ಪ್ರೀತಿಯ ಆಯಿಗೆ ನಿಂಬೆವ್ವನ ಶರಣಾರ್ಥಿ.

ಹಿಂಡಿ ಡಬ್ಬಿ ಮುಟ್ಟಿತು. ಹಂಚಬೇಡ ಅಂದಿದ್ದಿ, ಹಂಚಿದೆ. ಸಾತಾರಾದ ಹುಡುಗಿಯೊಬ್ಬಳು ಒಂದು ಚಮಚ ಬಾಯಿಗೆ ಹಾಕಿಕೊಂಡು ನಳದ ಕೆಳಗೆ ನಿಂತವಳು ಹತ್ತು ನಿಮಿಷ ಹೊರಗೆ ಬರಲಿಲ್ಲ. ಅಂದಿನಿಂದ ನನಗೆ ಇಲ್ಲಿ ಸ್ವಲ್ಪ ಮರ್ಯಾದೆ ಬಂದಿದೆ.

ನಾವು ಹದಿನಾಲ್ಕು ಮಂದಿ, ಅದರಲ್ಲಿ ಹುಡುಗಿಯರು ನಾಲ್ವರು. ಮಣ್ಣಿಲ್ಲ ಆಯಿ, ಗಾದಿ. ಒಳಗೆ ಏನೋ ಒತ್ತಿ ತುಂಬಿ ಮೇಲೆ ದಪ್ಪ ಬಟ್ಟೆ ಹೊಲಿದಿದ್ದಾರೆ. ಹಾಕಿಕೊಳ್ಳಲು ಬಿಳಿ ಅಂಗಿ, ಬಿಳಿ ಪಾಯಿಜಾಮ, ಸೊಂಟಕ್ಕೆ ಪಟ್ಟಿ. ಎದುರಿನವಳ ಅಂಗಿ ಹಿಡಿದೇ ಎತ್ತಿ ಒಗೆಯಬೇಕು. ನಮ್ಮ ಕಡೆ ಅಂಗಿ ಹಿಡಿದರೆ ಜಗಳ, ಇಲ್ಲಿ ಅಂಗಿ ಹಿಡಿದರೆ ಪಾಠ.

ಪರಾಂಜಪೆ ಬಾಯಿ ಅಂತ ನಮಗೆ ಕಲಿಸುವವರು. ಸಣ್ಣ ಆಳು, ನಿನ್ನ ಭುಜಕ್ಕೆ ಬರುತ್ತಾರೆ. ಮೊದಲ ದಿನ ನನ್ನನ್ನು ಕರೆದು “ಬೀಳು” ಅಂದರು. ನಾನು ನಿಂತೇ ಇದ್ದೆ. “ಬೀಳು ಅಂದೆ” ಅಂದರು. “ಯಾರೂ ಕೆಡವಲಿಲ್ಲ, ಹೇಗೆ ಬೀಳಲಿ?” ಅಂದೆ. ಎಲ್ಲರೂ ನಕ್ಕರು. ಆಯಿ, ನಂಬು ಬಿಡು, ಬಂದಾಗಿನಿಂದ ನಮಗೆ ಕಲಿಸುತ್ತಿರುವುದು ಬೀಳುವುದೊಂದೇ. ಹಿಂದಕ್ಕೆ ಬೀಳು, ಮಗ್ಗುಲಿಗೆ ಬೀಳು, ಉರುಳಿ ಬೀಳು. ಉಳಿದವರು ಮೂಟೆ ಹಾಗೆ ಬಿದ್ದು ಎದ್ದು ನಗುತ್ತಾರೆ. ನನ್ನ ಮೈ ಕೇಳುವುದಿಲ್ಲ. ಬೆನ್ನು ಗಾದಿಗೆ ತಾಗುವ ಮೊದಲೇ ಕೈ ಮುಂದೆ ಹೋಗುತ್ತದೆ. ಬಾಯಿ ಪ್ರತಿಸಲ ತಲೆ ಅಲ್ಲಾಡಿಸುತ್ತಾರೆ.

ಅಪ್ಪ ಇನ್ನೂ ಮಾತು ಬಿಟ್ಟಿದ್ದಾನಾ?

ನಿನ್ನ ನಿಂಬಿ


ಆಳಂದ
೨೨–೭–೧೯೮೭

ಚಿ. ನಿಂಬೆವ್ವಗೆ ಆಶೀರ್ವಾದ.

ನಿನ್ನ ಕಾಗದ ಓದಿ ನನಗ ಸಿಟ್ಟು ಬಂತು. ಬೀಳೋದು ಕಲಿಯಾಕ ಪುಣೆತನಕ ಯಾಕ ಹೋಗಬೇಕು? ನಮ್ಮ ಓಣಿಯ ಗಟಾರದ ಹಂತ್ಯಾಕ ಮಳಿಗಾಲದಾಗ ನಿಂತರ ಪುಕ್ಕಟೆ ಕಲೀಬಹುದು. ಚಮನಸಾಬಗ ಓದಿ ಹೇಳಿದೆ. ನಿಮ್ಮ ಅಜ್ಜನ ಜೋಡಿ ಮೂರು ಜಿಲ್ಲಾದಾಗ ಕುಸ್ತಿ ಹಿಡಿದ ಮನುಷ್ಯ, ಬಾಯಾಗಿನ ಅಡಿಕಿ ಹೊರಗ ಬರೂಹಂಗ ನಕ್ಕ. “ವೈನಿ, ನಾ ಹಿಂಗ ಬೀಳೋ ವಿದ್ಯಾ ಕಲಿತಿದ್ದರ ಇಷ್ಟೊತ್ತಿಗೆ ಎಷ್ಟು ಸರ್ಟಿಫಿಕೇಟ್ ಬರ್ತಿದ್ದವು! ನಿಮ್ಮ ಯಜಮಾನರು ನನ್ನ ಕೆಡವಿದ್ದು ಒಂದೆರಡು ಸಲ ಏನು?” ಅಂದ. ಅವನ ಹೆಂಡತಿ ಬಾನುಬಿ, “ನಿಮಗ ಕಲಿಸಬೇಕಾಗೇ ಇರಲಿಲ್ಲ, ಹುಟ್ಟತನೇ ಬರ್ತಿತ್ತು” ಅಂದಳು.

ನಗೆ ಬಿಡು. ಆ ಬಾಯಿಗೆ ನೀ ಹೇಳು, ನಮ್ಮ ಮನಿತನದಾಗ ಬೆನ್ನು ಮುಟ್ಟಿಸೋ ರೂಢಿ ಇಲ್ಲ ಅಂತ. ಅವರು ತಲಿ ಅಲ್ಲಾಡಿಸಿದರ ಅಲ್ಲಾಡಿಸ್ಲಿ. ನಿನಗ ಗೊತ್ತಿದ್ದದ್ದು ಬಿಡಬೇಡ. ಕೈ ಊರು, ಮೊಣಕೈ ಗಟ್ಟಿ ಹಿಡಿ. ನಿನ್ನ ಅಜ್ಜ ಸೊನ್ನದ ಹೊಳಿ ಉಸುಕಿನಾಗ ಅಫಜಲಪುರದ ಪೈಲ್ವಾನನ ಕೆಳಗ ಸಿಕ್ಕು ಒಂದು ಕೈ ಮ್ಯಾಲೇ ನಿಂತಿದ್ದರು, ಅಂವ ಬೇಸತ್ತು ಬಿಡೂತನಕ. ಆ ಕೈ ನಿನ್ನ ಮೈಯಾಗ ಅದ.

ನಿಮ್ಮಪ್ಪ ನನ್ನ ಜೋಡಿ ಇನ್ನೂ ಮಾತಾಡವಲ್ಲ. ಆದರ ಕೊಳಕೂರಿನ ಹೋಟಲಿನಾಗ ಯಾರೋ “ನಿನ್ನ ಮಗಳು ಕುಸ್ತಿ ಆಡ್ತಾಳಂತಲ್ಲೋ” ಅಂದದ್ದಕ್ಕ, “ಆಡ್ತಾಳ, ನಿನ್ನ ಮಗನ್ನ ಕಳಸ್ತಿ ಏನು?” ಅಂದನಂತ. ಗಂಗಾ ಹೇಳಿದಳು.

ಆಯಿ


ಪುಣೆ
೬–೯–೧೯೮೭

ಆಯಿಗೆ ಶರಣಾರ್ಥಿ.

ಪಾಠ ಬಹಳ ಇವೆ, ಬರೆಯಲು ಹೊತ್ತು ಸಿಗುವುದಿಲ್ಲ. ಪೆನ್ನು ಸರಿ ಇಲ್ಲ, ಅಕ್ಷರ ಸೊಟ್ಟ ಬಂದರೆ ಬೈಯಬೇಡ. ಆರಾಮ ಇದ್ದೇನೆ. ಗಣಪತಿ ಹಬ್ಬದ ಗದ್ದಲ ಊರ ತುಂಬ. ಅವ್ವನಿಗೆ, ಅಪ್ಪನಿಗೆ ನಾನು ಆರಾಮ ಇದ್ದೇನೆ ಅಂತ ಹೇಳು.

ನಿಂಬಿ


ಆಳಂದ
೨೦–೯–೧೯೮೭

ಚಿ. ನಿಂಬೆವ್ವಗೆ,

ಎರಡು ತಿಂಗಳಿಗೆ ಒಂದು ಕಾಗದ, ಅದೂ ಕೋಳಿ ಕೆದರಿದಂಗ. ನಾ ಬಸವಂತ ಸಾಲಿಗೆ ಹೋಗೂ ಮುಂದ ಅವನ ಪಾಟಿ ಮ್ಯಾಲ ಕದ್ದು ತಿದ್ದಿ ಕಲಿತಾಕಿ, ನನ್ನ ಅಕ್ಷರನೇ ಇದಕ್ಕಿಂತ ಛೊಲೋ ಅವ. ಒಂದೇ ಕಾಗದದಾಗ ಎರಡು ಸಲ ಆರಾಮ ಅಂತ ಬರದಿ. ಪುಣೆ ಗಾಳಿ ಬಡೀತೇನು ನಿನಗ? ಊರು, ಮಂದಿ ಬ್ಯಾಡಾದವೇನು? ಸಿನಿಮಾ ನೋಡಾಕ ಹೊತ್ತು ಇರ್ತದ, ಆಯಿಗೆ ನಾಲ್ಕು ಸಾಲು ಬರಿಯಾಕ ಇರಂಗಿಲ್ಲ. ಪೆನ್ನು ಸರಿ ಇಲ್ಲಂದ್ರ ಬ್ಯಾರೆ ಪೆನ್ನು ತಗೋ. ಇದು ಬೈಗುಳ ಹೌದು. ಬೈಯಬೇಡ ಅಂದಿದ್ದಿ, ಬೈದೆ.

ಇನ್ನ ಛೊಲೋ ಸುದ್ದಿ. ಜಿಲ್ಲಾದವರು ತಾಲೀಮುಗಳಿಗೆ ಗಾದಿ ಕೊಡ್ತಾರಂತ, ನೀ ಬರದಂಥಾವೇ. ಆದರ ಸರ್ಟಿಫಿಕೇಟ್ ಇದ್ದ ತರಬೇತಿ ಮಾಸ್ತರ ಇದ್ದ ತಾಲೀಮಿಗೆ ಮಾತ್ರ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಾಗ ಹಂಥವರು ಒಬ್ಬರೂ ಇಲ್ಲ. ಮೊನ್ನೆ ಊಟಕ್ಕ ಕುಂತಾಗ ಬಸವಂತ ತಾನಾಗೇ ಕೇಳಿದ, “ಅವ್ವಾ, ನಿಂಬಿ ಕೋರ್ಸು ಎಂದು ಮುಗೀತದ?” ಅಂತ. ನೀ ಹೋಗುವಾಗ ಬಸ್ ಸ್ಟ್ಯಾಂಡಿಗೂ ಬರದಿದ್ದ ಮನುಷ್ಯ! ನಾ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಮಗ ಮೆತ್ತಗ ಆಗ್ಯಾನ. ನನ್ನ ಹಾಲು ಹುಸಿ ಹೋಗಲಿಲ್ಲ.

ಆಯಿ


ಪುಣೆ
೧೫–೧೧–೧೯೮೭

ಪ್ರೀತಿಯ ಆಯಿಗೆ,

ಈ ಕಾಗದದ ಅಕ್ಷರ ನೋಡು, ನೆಟ್ಟಗಿವೆ. ಯಾಕಂದರೆ ಇದು ನನ್ನ ಬಲಗೈಯಲ್ಲಿ ಬರೆದದ್ದು. ಸೆಪ್ಟೆಂಬರಿನ ಕಾಗದ ಎಡಗೈಯದು.

ಆಗಸ್ಟಿನಲ್ಲಿ ಒಂದು ದಿನ ಸಾತಾರಾದ ಹುಡುಗಿ ನನ್ನನ್ನು ಸೊಂಟದ ಮೇಲಿಂದ ಒಗೆದಳು. ಒಳ್ಳೆಯ ಪಟ್ಟು, ಅವಳದೇನೂ ತಪ್ಪಿಲ್ಲ. ಬೆನ್ನು ತಾಗುತ್ತದೆ ಅಂತ ನಾನು ಕೈ ಚಾಚಿ ಊರಿದೆ, ಮೊಣಕೈ ಗಟ್ಟಿ ಹಿಡಿದೆ. ಇಡೀ ಮೈಯ ಭಾರ ಅದರ ಮೇಲೆ ಬಂತು. ಮೊಣಕೈ ಕೀಲು ಕಳಚಿತು. ಆ ಸದ್ದು ನನಗೇ ಕೇಳಿಸಿತು.

ಪ್ಲಾಸ್ಟರ್ ಹಾಕಿದರು. ಊರಿಗೆ ಹೋಗು, ಮುಂದಿನ ವರ್ಷ ಬಾ ಅಂದರು. ಮುಂದಿನ ವರ್ಷ ಅಂದರೆ ಏನು ಅಂತ ನನಗೆ ಗೊತ್ತು. ಅಪ್ಪ ನನ್ನನ್ನು ಎರಡನೇ ಸಲ ರೈಲು ಹತ್ತಿಸುವುದಿಲ್ಲ. ಹೋಗುವುದಿಲ್ಲ ಅಂದೆ. ಕೈ ಕೊರಳಿಗೆ ಕಟ್ಟಿಕೊಂಡು ದಿನಾ ಗಾದಿಯ ಪಕ್ಕದಲ್ಲಿ ಕೂತೆ. ಮೂಳೆಗಳ ಹೆಸರು, ಕಲಿಯಲು ಬಂದವರ ಮೈ ಹೇಗೆ ಬಿಸಿ ಮಾಡಿಸಬೇಕು, ಪೆಟ್ಟಾದರೆ ಮೊದಲು ಏನು ಮಾಡಬೇಕು, ಎಲ್ಲ ಎಡಗೈಯಲ್ಲಿ ಬರೆದುಕೊಂಡೆ. ಆ ದಿನಗಳಲ್ಲೇ ಕೋಳಿ ಕೆದರಿದಂಗ ಅಂತ ಬೈದ ನಿನ್ನ ಕಾಗದ ಬಂತು. ಸಿನಿಮಾ ಅಂದೆಯಲ್ಲ, ಒಂದೂ ನೋಡಿಲ್ಲ. ರಾತ್ರಿ ಅತ್ತೆ, ನೋವಿಗಲ್ಲ.

ಒಂದು ದಿನ ಪರಾಂಜಪೆ ಬಾಯಿ ಪಕ್ಕದಲ್ಲಿ ಬಂದು ಕೂತರು. “ಯಾರು ಕಲಿಸಿದರು ಕೈ ಊರುವುದು?” ಅಂತ ಕೇಳಿದರು. “ನಮ್ಮ ಆಯಿ” ಅಂದೆ. “ಮಣ್ಣಿನ ಕುಸ್ತಿಗೆ ಅದು ಸರಿ. ಅಲ್ಲಿ ಬೆನ್ನು ಮುಟ್ಟಿದರೆ ಸೋಲು, ಎತ್ತರದಿಂದ ಒಗೆತವೂ ಕಡಿಮೆ. ಇಲ್ಲಿ ಅದು ಮೂಳೆ ತಿನ್ನುತ್ತದೆ. ನೀನೊಬ್ಬಳೇ ಆಡುವವಳಾಗಿದ್ದರೆ ಸುಮ್ಮನಿರುತ್ತಿದ್ದೆ. ನೀನು ಕಲಿಸುವವಳು. ನಾಳೆ ಒಂದು ಹುಡುಗಿಯ ಕೈ ನಿನ್ನ ಮಾತಿಗೆ ಮುರಿಯುತ್ತದೆ” ಅಂದರು.

ಈಗ ಬೀಳುತ್ತೇನೆ ಆಯಿ. ಗದ್ದ ಎದೆಗೆ ಒತ್ತಿ, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಬೆನ್ನು ತಾಗುವ ಹೊತ್ತಿಗೇ ಇಡೀ ತೋಳಿನಿಂದ ಗಾದಿಗೆ ಬಡಿಯಬೇಕು. ಪೆಟ್ಟು ಮೈಗೆ ಬಾರದೆ ತೋಳಿನಿಂದ ಹೊರಗೆ ಹೋಗುತ್ತದೆ.

ನೀನು ಕಲಿಸಿದ್ದರಿಂದಲೇ ನಾನು ಇಲ್ಲಿತನಕ ಬಂದೆ. ಆದರೆ ಇದೊಂದನ್ನು ನಿನ್ನ ಮಾತು ಕೇಳಿ ಮಾಡುವುದಿಲ್ಲ. ಬೇಕಾದರೆ ಸಿಟ್ಟಾಗು.

ನಿಂಬಿ


ಆಳಂದ
೨–೧೨–೧೯೮೭

ನನ್ನವ್ವ ನಿಂಬೆವ್ವಗೆ,

ನಿನ್ನ ಕಾಗದ ಬಂದ ದಿನ ನಾ ರೊಟ್ಟಿ ಉಣ್ಣಲಿಲ್ಲ. ಎರಡನೇ ದಿನ ಸಿಟ್ಟಾದೆ. ನಿನ್ನ ಮ್ಯಾಲ ಆಗಬೇಕೋ, ಆ ಬಾಯಿ ಮ್ಯಾಲ ಆಗಬೇಕೋ ತಿಳೀಲಿಲ್ಲ, ಬೆಕ್ಕಿಗೆ ಬೈದೆ. ಮೂರನೇ ದಿನ ಚಮನಸಾಬನ ಹಿತ್ತಲಕ್ಕ ಹೋದೆ. ಅಲ್ಲಿ ಹೋದ ವರ್ಷದ ತೊಗರಿ ಹೊಟ್ಟು ಬಣಿವಿ ಹಂಗ ಬಿದ್ದದ. ಮ್ಯಾಲ ಎರಡು ಕೌದಿ ಹಾಸಿದೆ.

“ಏನು ಮಾಡಾಕತ್ತೀರಿ ವೈನಿ?” ಅಂದ ಚಮನಸಾಬ.

“ಬೀಳಾಕತ್ತೇನಿ.”

“ಯಾಕ್ರಿ, ತಲಿ ತಿರಗಾಕತ್ತದೇನು?”

“ನೀ ಆ ಕಡೆ ಮುಖ ಮಾಡಿ ಕುಂದರು. ಬಾನುಬಿ, ನೀ ಕಾಗದ ಹಿಡಿ” ಅಂದೆ. ಅಕೀಗೆ ಓದಾಕ ಬರಂಗಿಲ್ಲ, ಆದರೂ ಕಾಗದ ನನ್ನ ಮುಂದ ಹಿಡಕೊಂಡು ನಿಂತಳು. ಗದ್ದ ಎದಿಗೆ ಒತ್ತಿದೆ. ಸೀರಿ ಕಚ್ಚಿ ಹಾಕಿದ್ದೆ. ಮೊದಲನೇ ಸಲ ಕೈ ತಾನಾಗೇ ಹಿಂದ ಹೋತು. ನೀ ಬರದಿದ್ದು ಖರೇ, ಮೈ ಕೇಳಂಗಿಲ್ಲ. ಎರಡನೇ ಸಲ ಕುಂಡಿ ಮ್ಯಾಲ ಬಿದ್ದೆ. ಬಾನುಬಿ ನಕ್ಕು ನಕ್ಕು ಕಾಗದ ಒದ್ದಿ ಮಾಡಿದಳು. ಎಷ್ಟನೇ ಸಲವೋ ಏನೋ, ತೋಳು ಕೌದಿಗೆ ಫಟ್ ಅಂತ ಬಡೀತು, ಬೆನ್ನು ಹೊಟ್ಟಿಗೆ ಹತ್ತಿತು, ಮತ್ತ ನನಗ ಏನೂ ಆಗಲೇ ಇಲ್ಲ. ಮಕ್ಕೊಂಡು ಆಕಾಶ ನೋಡಿದೆ. ನಿಮ್ಮ ಅಜ್ಜ ಸೋತ ಕುಸ್ತಿಯೊಳಗ ಹಿಂಗ ಆಕಾಶ ಕಾಣ್ತಿತ್ತೇನೋ. ಅದೇನು ಅಷ್ಟು ಕೆಟ್ಟ ಇಲ್ಲ.

ಮೂರು ದಿನ ಸೊಂಟ ಹಿಡಕೊಂಡು ನಡದೆ. ಸೊಸಿ “ಎಲ್ಲಿ ಬಿದ್ರಿ ಅತ್ತಿ?” ಅಂದರ “ಬೇಕಂತ ಬಿದ್ದೆ” ಅಂದೆ.

ನಿನ್ನ ಪರಾಂಜಪೆ ಬಾಯಿ ಹೇಳಿದಂಗ ಮಾಡು. ಆದರ ಇನ್ನೊಮ್ಮೆ ನನ್ನಿಂದ ಮುಚ್ಚಿಟ್ಟರ ಪುಣೆಗೇ ಬಂದು ನಿನ್ನ ಕಿವಿ ಹಿಂಡ್ತೇನಿ. ನಿಮ್ಮಪ್ಪಗ ನಾ ಏನೂ ಹೇಳಿಲ್ಲ. ಅಂವ ಮೊನ್ನೆ ತಾನಾಗೇ ಬಂದು ತೊಗರಿ ಚೀಲ ಇಟ್ಟು ಹೋದ, “ನಿಂಬಿ ಕಾಗದ ಬಂತೇನು?” ಅಂದ. “ಆರಾಮ ಇದ್ದಾಳ” ಅಂದೆ. ಎರಡು ಸಲ ಅಂದೆ, ನಿನ್ನಂಗ.

ಆಯಿ


ಆಳಂದ
೨೮–೧–೧೯೮೮

ಚಿ. ನಿಂಬೆವ್ವಗೆ,

ಜಲ್ದಿ ಬರ್ಯಾಕತ್ತೇನಿ, ಚಮನಸಾಬ ಟಪಾಲ ಕಚೇರಿಗೆ ಹೊಂಟಾನ. ನಿನ್ನೆ ಬಸವಂತ ಪಂಚರ ಜೋಡಿ ಕುಂತು ಮಾತಾಡಿ ಬಂದ. ತಾಲೀಮಿನ ಬಾಗಿಲ ಮ್ಯಾಲ ಹೊಸ ಬೋರ್ಡು ಬರೆಸ್ತಾರಂತ. ಅದರಾಗ ನಿನ್ನ ಹೆಸರು, ‘ತರಬೇತುದಾರರು: ಕು. ನಿಂಬೆವ್ವ ಚಂದ್ರಾಮಪ್ಪ, ಕೊಳಕೂರ’ ಅಂತ. “ನಿನಗ ಒಪ್ಪಿಗಿ ಅದನೋ ಇಲ್ಲೋ ಅವ್ವಾ?” ಅಂತ ಕೇಳಿದ. ಇದೂ ಕೇಳೋ ಮಾತಾ! ಒಪ್ಪಿಗಿ ಅದ ಅಂದೆ, ಸಕ್ಕರಿ ತಿನಿಸಿದೆ. ನೀ ಬರೇ ಪರೀಕ್ಷಾ ಪಾಸಾಗು. ಕೈ ಹೆಂಗದ ಬರಿ.

ಆಯಿ


ಪುಣೆ
೨೭–೩–೧೯೮೮

ಆಯಿ,

ಪರೀಕ್ಷೆ ಪಾಸಾಯಿತು. ಬೇರೆಯವರಿಗೆ ಪಾಠ ಹೇಳಿ ತೋರಿಸುವ ಪರೀಕ್ಷೆಯಲ್ಲಿ ನಾನೇ ಮೊದಲು. ಸರ್ಟಿಫಿಕೇಟ್ ನನ್ನ ಪೆಟ್ಟಿಗೆಯಲ್ಲಿದೆ. ಕೂಗಿ ಹೇಳಬೇಕಾದ ಸುದ್ದಿ ಇದು, ಆದರೆ ಹಾಗೆ ಬರೆಯಲು ಕೈ ಬರುತ್ತಿಲ್ಲ.

ನಿನ್ನೆ ಬಸವಂತ ಮಾವನ ಕಾಗದ ಬಂತು. ನಾನು ಸರ್ಟಿಫಿಕೇಟಿನ ನಕಲು ಕಳಿಸಬೇಕಂತೆ, ಗಾದಿ ಕೇಳುವ ಅರ್ಜಿಯಲ್ಲಿ ತರಬೇತುದಾರರ ಜಾಗದಲ್ಲಿ ಸಹಿ ಮಾಡಬೇಕಂತೆ. ಗಾದಿ ಬರುತ್ತದೆ. ಪಾಠ ಮಾವನೇ ಹೇಳುತ್ತಾರೆ. ನಾನು ಕೊಳಕೂರಿನಲ್ಲಿ ಇರಬಹುದು, ಇಲ್ಲವೇ ಅಫಜಲಪುರದವರು ಮತ್ತೆ ಕೇಳುತ್ತಿದ್ದಾರಂತೆ, ಅಲ್ಲಿ ಇರಬಹುದು. ತಾಲೀಮಿನ ಒಳಗೆ ಬರುವ ಮಾತು ತೆಗೆಯಬಾರದು, ಹಿರಿಯರ ಕಾಲದ ನೇಮ. ವರ್ಷಕ್ಕೊಮ್ಮೆ ಕರೆದು ಶಾಲು ಹೊದಿಸುತ್ತಾರಂತೆ, ಹೊರಗಿನ ಕಟ್ಟೆಯ ಮೇಲೆ.

ಕೊನೆಯ ಸಾಲು ಇದು: “ಇದಕ್ಕೆ ನಿನ್ನ ಆಯಿಯ ಪೂರ್ಣ ಒಪ್ಪಿಗೆ ಇದೆ.”

ನಿನ್ನ ಜನವರಿಯ ಕಾಗದ ಮತ್ತೆ ತೆಗೆದು ಓದಿದೆ. ಒಪ್ಪಿಗಿ ಅದ ಅಂದೆ, ಸಕ್ಕರಿ ತಿನಿಸಿದೆ ಅಂತ ನೀನೇ ಬರೆದಿದ್ದಿ.

ನನ್ನ ಹೆಸರು ಬಾಗಿಲ ಮೇಲೆ, ನಾನು ಬಾಗಿಲ ಹೊರಗೆ. ಇದಕ್ಕಾಗಿಯೇ ಕಳಿಸಿದೆಯಾ ಆಯಿ? ಪರಾಂಜಪೆ ಬಾಯಿ ಇಲ್ಲೇ ಸಹಾಯಕಿಯಾಗಿ ಇರು ಅನ್ನುತ್ತಿದ್ದಾರೆ. ಪಗಾರ ಕೊಡುತ್ತಾರೆ. ಮೇ ಒಂದಕ್ಕೆ ಉತ್ತರ ಹೇಳಬೇಕು. ನೀನು ನಿಜವಾಗಿ ಒಪ್ಪಿದ್ದರೆ ನನಗೆ ಆಳಂದದಲ್ಲಿ ಕೆಲಸವಿಲ್ಲ. ಹೌದೋ ಅಲ್ಲವೋ, ಅಷ್ಟೇ ಬರಿ.

ನಿಂಬೆವ್ವ


ಆಳಂದ
೧೦–೪–೧೯೮೮

ಚಿ. ನಿಂಬೆವ್ವಗೆ,

ಅಲ್ಲ. ಅಲ್ಲ. ಅಲ್ಲ.

ನೀ ಅಷ್ಟೇ ಬರಿ ಅಂದಿ. ಆದರ ನಾ ಮಾಡಿದ್ದೂ ಬರೀತೇನಿ.

ನಿನ್ನ ಕಾಗದ ಹಿಡಕೊಂಡು ನೆಟ್ಟಗ ತಾಲೀಮಿಗೆ ಹೋದೆ. ಸಂಜಿ ಹೊತ್ತು. ಪಂಚರು ಕುಂತಿದ್ದರು, ಹುಡುಗರು ಕಟ್ಟಿಗಿ ಗದಾದ ಜೋಡಿ ತಿರುವಾಕತ್ತಿದ್ದರು. ಹೊಸ್ತಿಲ ಮ್ಯಾಲ ನಿಂತು “ಬಸವಂತಾ” ಅಂದೆ. “ಏನವ್ವಾ, ಮಜ್ಜಿಗಿ ತಂದಿ ಏನು?” ಅಂದ. ತಂದಿಲ್ಲ ಅಂದೆ. ಚಪ್ಪಲಿ ಬಿಟ್ಟು ಒಳಗ ಕಾಲಿಟ್ಟೆ. ಮಣ್ಣಿನ ನಡುಮಧ್ಯ ಹೋಗಿ ನಿಂತೆ. ತಂಪಿತ್ತು ನಿಂಬಿ. ನಾ ಮಜ್ಜಿಗಿ ಕುಡಿಸಿದ ಮಣ್ಣು ಅಷ್ಟು ತಂಪು ಅದ ಅಂತ ನನಗೇ ಗೊತ್ತಿರಲಿಲ್ಲ.

ಜೋಡಿ ತಿರುವೋ ಸದ್ದು ನಿಂತು ಹೋತು.

“ಅವ್ವಾ, ಹೊರಗ ಬಾ. ಹತ್ತು ಮಂದಿ ನೋಡಾಕತ್ತಾರ.”

“ನೋಡ್ಲಿ. ನಾ ಯಾವುದಕ್ಕ ಒಪ್ಪಿಗಿ ಕೊಟ್ಟೆ, ಇವರ ಮುಂದ ಹೇಳು.”

“ಹೆಸರು ಹಾಕಾಕ ಕೊಟ್ಟಿ.”

“ಹೆಸರು ಒಳಗ, ಹುಡುಗಿ ಹೊರಗ ಅಂತ ಹೇಳಿದ್ದೇನು ನೀನು?”

ಪಂಚರೊಳಗಿನ ಹಿರಿ ಮನುಷ್ಯ ಎದ್ದು, “ಕಾಶಕ್ಕ, ಮಣ್ಣು ಮೈಲಿಗಿ ಆಗ್ತದ, ತಿಳಿದಾಕಿ ನೀನು” ಅಂದ.

“ಎಪ್ಪಾ, ನಿಮ್ಮ ಕೊರಳಾಗ ಏನದ?” ಅಂದೆ.

“ಲಿಂಗ ಅದ.”

“ಲಿಂಗ ಕಟ್ಟಿದ ಮನ್ಯಾಗ ಹಡದರೂ ಸೂತಕಿಲ್ಲ, ಸತ್ತರೂ ಸೂತಕಿಲ್ಲ, ಮುಟ್ಟಾದರೂ ಸೂತಕಿಲ್ಲ ಅಂತ ನನಗ ಕಲಿಸಿದವರು ನೀವೇ. ಅಡಗಿ ಮನ್ಯಾಗ ಇಲ್ಲ, ದೇವರ ಮನ್ಯಾಗ ಇಲ್ಲ, ಇಲ್ಲೊಂದು ಹೆಂಗ ಉಳೀತು?”

“ಇದು ಹಣಮಪ್ಪನ ಜಾಗಾ. ಅಂವ ಬ್ರಹ್ಮಚಾರಿ.”

“ಅಂಜನಾದೇವಿ ಅವನ್ನ ಹೊಸ್ತಿಲ ಹೊರಗ ನಿಂತು ಹಡದಳೇನು?”

ಹುಡುಗರೊಳಗ ಯಾರೋ ಕಿಸಕ್ಕನ ನಕ್ಕ. ಬಸವಂತ ತಿರುಗಿ ನೋಡಿದ, ನಗು ನಿಂತಿತು. ನಾ ಅವನ ಮುಂದ ಹೋದೆ. “ನೀ ನನ್ನ ಹೊಟ್ಟಿಯಿಂದ ಬಂದಿ. ಆ ಹೊಟ್ಟಿ ಮೈಲಿಗಿ ಅಂದ್ರ ಮೊದಲು ಹೊರಗ ನಡೀಬೇಕಾದವ ನೀ. ನಡಿ, ಇಬ್ಬರೂ ಕೂಡೇ ಹೋಗೋಣು” ಅಂದೆ. ಅಂವ ಅಲುಗಲಿಲ್ಲ. ನಾನೂ ಅಲುಗಲಿಲ್ಲ. ಕಡೀಕ ಅವರೇ ಒಬ್ಬೊಬ್ಬರಾಗಿ ಎದ್ದು ಹೋದರು. ದೀಪ ಹಚ್ಚೂತನಕ ನಾ ಒಬ್ಬಾಕೇ ಅಲ್ಲಿ ಕುಂತಿದ್ದೆ.

ಮರುದಿನ ಮುಂಜಾನೆ ಸಲಿಕಿ ಸದ್ದು ಕೇಳಿಸಿತು. ಕೆಟ್ಟ ಮಣ್ಣು ತೆಗೆದು ಹೊಸಾದು ಹಾಕೋ ನೇಮ ಅದ ಅಲ್ಲ? ಅದನ್ನೇ ಮಾಡಾಕತ್ತಿದ್ದರು. ನಿಮ್ಮ ಅಜ್ಜನ ಕಾಲದಿಂದ ನನ್ನ ಮಜ್ಜಿಗಿ ಕುಡಿದ ಮಣ್ಣು ಬುಟ್ಟಿಗಟ್ಟಲೆ ಓಣಿಯ ಗಟಾರದ ಹಂತ್ಯಾಕ ಬಂದು ಬೀಳಾಕತ್ತಿತು. ಬಸವಂತನೂ ಹೊತ್ತು ಹಾಕಾಕತ್ತಿದ್ದ. ನೋಡ್ಕೋತ ನಿಂತೆ. ಒಂದು ಗಳಿಗಿ ಅಷ್ಟೇ. ಆಮ್ಯಾಲ ಚಮನಸಾಬನ ಮನಿಗೆ ಓಡಿದೆ. “ಬಂಡಿ ಹೂಡೋ” ಅಂದೆ.

ಅಂವ ಯಾಕಂತ ಕೇಳಲಿಲ್ಲ. ಬಂಡಿ ತಂದು ಗಟಾರದ ಮುಂದ ನಿಲ್ಲಿಸಿದ. ನಾನು, ಬಾನುಬಿ, ಅವರ ಮೊಮ್ಮಗಳು ವಜೀರುನ್ನಿಸಾ ಮೂವರೂ ತುಂಬಾಕ ಹತ್ತಿದೆವು. ಓಣಿ ಹೆಂಗಸರು ಬಾಗಿಲಿಗೆ ಬಂದು ನಿಂತರು. ಬಸವಂತ ಬುಟ್ಟಿ ಹೊತ್ತು ಬಂದವ ನಿಂತ. “ಅವ್ವಾ, ಏನು ಹಚ್ಚಿ? ಮಂದಿ ಏನಂತಾರ?”

“ನೀ ಚೆಲ್ಲಿದ ಮ್ಯಾಲ ಇದು ಯಾರದು?”

ಅಂವ ಆ ಬುಟ್ಟಿ ನೆಲಕ್ಕ ಚೆಲ್ಲಲಿಲ್ಲ, ಬಂಡಿಗೇ ಸುರಿದ. ಅದರ ಮುಂದಿನದೂ ಬಂಡಿಗೇ ಸುರಿದ. ಮನಸು ಬದಲಾತು ಅಂತ ತಿಳೀಬೇಡ. ನಾ ಬಗ್ಗೋದು ನೋಡಾಕ ಆಗಲಿಲ್ಲೋ ಏನೋ. ಮನ್ಯಾಗ ಇನ್ನೂ ಮಾತಾಡಂಗಿಲ್ಲ. ಸೊಸಿ ಮಾತಾಡ್ತಾಳ, ಅದೂ ಅಂವ ಹೊರಗ ಹೋದ ಮ್ಯಾಲ.

ಬಾನುಬಿ ಎಮ್ಮಿ ಕಟ್ಟೋ ದೊಡ್ಡ ಕೊಟಿಗಿ ಖಾಲಿ ಮಾಡಿ ಸಾರಿಸಿ ಕೊಟ್ಟಾಳ. ಎಮ್ಮಿ ಈಗ ಬೇವಿನ ಗಿಡದ ಕೆಳಗ ನಿಂತು ನನ್ನ ಕಂಡರ ಮಾರಿ ತಿರುವ್ತದ. ಮಣ್ಣು ಹರವೇವಿ. ಕಲಿಯಾಕ ವಜೀರುನ್ನಿಸಾ ಬರ್ತಾಳ. ಇನ್ನ ಇಬ್ಬರು ಹುಡುಗಿಯರು ಅವ್ವಂದಿರನ್ನ ಕೇಳಿ ಹೇಳ್ತೇವಿ ಅಂದಾರ. ಗಾದಿ ಸಿಗಂಗಿಲ್ಲ, ಜೇವರ್ಗಿಯವರು ಎಲ್ಲಿಂದಲೋ ಮಾಸ್ತರನ್ನ ಹುಡುಕಿ ತಂದು ಗಾದಿ ತಮ್ಮ ಊರಿಗೆ ಒಯ್ದರಂತ. ಪಗಾರ ನನ್ನಿಂದ ಕೊಡಾಕ ಆಗಂಗಿಲ್ಲ. ಪುಣೆಯಾಗ ಇರೋದು ನಿನಗ ಪಾಡ ಅನಿಸಿದರ ಇರು, ನಾ ಬ್ಯಾಡ ಅನ್ನಂಗಿಲ್ಲ. ಆದರ ನಾ ಒಪ್ಪಿದ್ದೆ ಅಂತ ತಿಳಕೊಂಡು ಇರಬೇಡ.

ಆಯಿ


ಪುಣೆ
೨೨–೪–೧೯೮೮

ಪ್ರೀತಿಯ ಆಯಿ,

ನಿನ್ನ ಕಾಗದ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಓದಿದೆ. ಮರಾಠಿಯಲ್ಲಿ ಹೇಳು ಅಂತ ಸಾತಾರಾದವಳು ಬೆನ್ನು ಹತ್ತಿದಳು. ಅಂಜನಾದೇವಿಯ ಮಾತು ಹೇಳಿದೆ. ಈಗ ಅದು ಇಡೀ ಹಾಸ್ಟೆಲಿಗೆ ಗೊತ್ತು.

ಬಸವಂತ ಮಾವನಿಗೆ ಬರೆದು ಹಾಕಿದೆ. ನಕಲು ಕಳಿಸುವುದಿಲ್ಲ, ಸಹಿ ಮಾಡುವುದಿಲ್ಲ, ನನ್ನ ಹೆಸರು ಬೇಕಾದರೆ ನನ್ನ ಕಾಲನ್ನೂ ಒಳಗೆ ಕರೆಯಬೇಕು, ಶಾಲು ನಿಮ್ಮ ಹತ್ತಿರವೇ ಇರಲಿ ಅಂತ. ಮೊದಲು ಉದ್ದ ಬರೆದಿದ್ದೆ, ಹರಿದು ಹಾಕಿ ಇಷ್ಟೇ ಬರೆದೆ. ಅಪ್ಪನಿಗೂ ಬರೆದೆ, ಅಫಜಲಪುರದವರಿಗೆ ಇನ್ನು ಚಹಾ ಕಾಯಿಸಬೇಡ ಅಂತ.

ಪರಾಂಜಪೆ ಬಾಯಿಗೆ ಆಗುವುದಿಲ್ಲ ಅಂದೆ. “ಗಾದಿ ಇದೆಯಾ ಅಲ್ಲಿ?” ಅಂತ ಕೇಳಿದರು. ಇಲ್ಲ, ಮಣ್ಣಿದೆ ಅಂದೆ. “ಪಗಾರ?” ಅದೂ ಇಲ್ಲ ಅಂದೆ. “ಹುಡುಗಿಯರು?” ಒಬ್ಬಳು ಖಾತ್ರಿ ಅಂದೆ. “ಮಣ್ಣು ಒಂದು ಗೇಣು ಆಳ ಅಗೆದು ಸಡಿಲ ಮಾಡು, ಮೇಲೆ ಹೊಟ್ಟು ತುಂಬಿದ ಗೋಣಿ ತಟ್ಟು ಹಾಸು. ಮೊದಲ ಮೂರು ತಿಂಗಳು ಯಾರನ್ನೂ ಸೊಂಟದ ಮೇಲಿಂದ ಒಗೆಯಬೇಡ” ಅಂದರು. ಅವರು ಹರಸುವ ರೀತಿ ಅದೇ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಕೊಟ್ಟಿಗೆ ಬಾನುಬಿ ಆಯಿಯದು, ಮಣ್ಣು ನಿನ್ನದು, ಕ್ಲಾಸು ನನ್ನದು. ಪಾಠದ ನಡುವೆ ನೀನು ಬಾಯಿ ಹಾಕಿದರೆ ಹೊರಗೆ ಕಳಿಸುತ್ತೇನೆ. ಸಿಟ್ಟಾಗಬೇಡ. ಆಗಲೇಬೇಕಾದರೆ ಆಗು.

ಮೇ ನಾಲ್ಕರ ಮುಂಜಾನೆ ಗುಲ್ಬರ್ಗಾದಲ್ಲಿ ಇಳಿಯುತ್ತೇನೆ.

ನಿಂಬಿ


ಆಳಂದ
೨೮–೪–೧೯೮೮

ನನ್ನವ್ವ,

ಇದು ಸಿಗ್ತದೋ ಇಲ್ಲೋ, ಹಾಕ್ತೇನಿ. ಹೊರಗ ಕಳಿಸೋ ಮಾತು ಆಮ್ಯಾಲ ನೋಡೋಣು, ಕ್ಲಾಸಿನಾಗ ನಾನೂ ಹೆಸರು ಹಚ್ಚಾಕಿ. ವಿದ್ಯಾರ್ಥಿನಿಯನ್ನ ಹೊರಗ ಕಳಸಾಕ ಬರಂಗಿಲ್ಲ.

ಅವ್ವಂದಿರನ್ನ ಕೇಳಿ ಹೇಳ್ತೇವಿ ಅಂದಿದ್ದ ಇಬ್ಬರೊಳಗ ಒಬ್ಬಾಕಿ ಹೂಂ ಅಂದಾಳ. ಇನ್ನೊಬ್ಬಾಕಿ ಅಪ್ಪ ಬ್ಯಾಡ ಅಂದ. ನಿನ್ನೆ ಅವಳ ಅವ್ವ ಬಂದು, “ಮಧ್ಯಾಹ್ನ ಅಂವ ಅಂಗಡ್ಯಾಗ ಇರ್ತಾನ, ಆವಾಗ ನಡೀತದೇನ್ರಿ?” ಅಂತ ಕೇಳಿದಳು. ನಡೀತದ ಅಂದೆ. ಮಾಸ್ತರಣಿಯನ್ನ ಕೇಳದ ಹೇಳಿಬಿಟ್ಟೆ, ತಪ್ಪಾತೇನು?

ನಿಮ್ಮಪ್ಪ ಗುಲ್ಬರ್ಗಾಕ್ಕ ತಾನೇ ಬರ್ತೇನಿ ಅಂದಾನ. ಸ್ಟೇಷನ್ನಿನಾಗ ನಿನ್ನ ಕಂಡು ಏನೂ ಮಾತಾಡದಿದ್ದರ ಬ್ಯಾಸರ ಮಾಡ್ಕೋಬೇಡ, ಪೆಟ್ಟಿಗಿ ಅಂವ ಹೊರ್ತಾನ. ಬಸ್ಸು ಕಡಗಂಚಿ ಊರು ದಾಟಿದ ಮ್ಯಾಲ ಕೂದಲ ಹಿಕ್ಕೋ, ಬಸ್ಸಿನ ಕಿಟಕಿ ಧೂಳು ಬಹಳ.

ಆಳಂದದಾಗ ಇಳಿದ ಮ್ಯಾಲ ನಿಮ್ಮಪ್ಪ ಓಣಿ ಹಿಂದಿನ ದಾರಿ ಹಿಡಿಯಾಕ ನೋಡ್ತಾನ, ಯಾರೂ ನೋಡಬಾರದು ಅಂತ. ಹಿಡೀಬೇಡ. ಆ ಬಿಳಿ ಅಂಗಿ ಪೆಟ್ಟಿಗಿಯಿಂದ ತೆಗೆದು ಹಾಕ್ಕೋ, ಪಟ್ಟಿ ಬಿಗಿ. ಬಜಾರದಾಗಿಂದ ನಡಿ. ತಾಲೀಮಿನ ಮುಂದ ಬಂದಾಗ ತಲಿ ತಗ್ಗಿಸಬೇಡ, ಕಾಲೂ ಜೋರ ಮಾಡಬೇಡ. ನಿಮ್ಮ ಮಾವ ಕಟ್ಟಿ ಮ್ಯಾಲ ಕುಂತಿರ್ತಾನ. ಹೋಗಿ ಶರಣಾರ್ಥಿ ಅನ್ನು, ಹಿರಿಯ ಮನುಷ್ಯ. “ಎಲ್ಲಿಗೆ ಹೊಂಟಿ?” ಅಂತ ಕೇಳಿದರ, ನಾಲ್ಕು ಮಂದಿಗೆ ಕೇಳೂಹಂಗ, “ಕಲಿಸಾಕ ಹೊಂಟೇನ್ರಿ ಮಾವಾ” ಅನ್ನು.

ದಾರಿ ಕಾಯಾಕತ್ತೇನಿ.

ಆಯಿ